ಡೆನ್ಮಾರ್ಕಿಗೆ ಹೋದ ಮುಗದದ ಫೋಟೋ

ಹುಬ್ಬಳ್ಳಿ ಸ್ಟೇಷನ್

ಡೆನ್ಮಾರ್ಕಿಗೆ ಹೋಗಿ ಏನು ನೋಡಿ ಬಂದಿ ಎಂದು ಜನ ಇವತ್ತಿಗೂ ಕೇಳುತ್ತಾರೆ. ಸಮುದ್ರ ನೋಡಿದೆ, ಮನುಷ್ಯರ ಕೈ ತಾಗದೆ ಹಾಲು ಹಿಂಡುವ ಯಂತ್ರ ನೋಡಿದೆ, ಸಂಜೆ ಒಂಬತ್ತಕ್ಕೂ ಮುಳುಗದೆ ಹಟ ಹಿಡಿದು ಕೂತ ಸೂರ್ಯನನ್ನೂ ನೋಡಿದೆ. ಆದರೆ ಖರೆ ಹೇಳಬೇಕೆಂದರೆ, ಆ ಆರು ವಾರಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನೋಡಿದ್ದು ನಮ್ಮ ಮುಗದ ಊರಿನದೇ ಒಂದು ಫೋಟೋವನ್ನು. ಅಂಗೈಯಗಲದ ಆ ಫೋಟೋ ನನಗೆ ಊಟ ಸೇರದ ಹಾಗೆ ಮಾಡಿಬಿಟ್ಟಿತ್ತು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಊರೂರಿಗೆ ಯುವಕ ಮಂಡಲ ಆಗಬೇಕು ಎಂದು ಧಾರವಾಡದ ಬ್ಲಾಕ್ ಆಫೀಸಿನವರು ಬೆನ್ನು ಹತ್ತಿದ್ದ ಕಾಲ. ನಾನು ಧಾರವಾಡದಲ್ಲಿ ಇಂಟರ್ ಫೇಲಾಗಿ, ಮುಖ ಸಣ್ಣದು ಮಾಡಿಕೊಂಡು ಊರಿಗೆ ಬಂದಿದ್ದೆ. ಇಂಗ್ಲಿಷ್ ಬರುತ್ತದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಮಂಡಲದ ಕಾರ್ಯದರ್ಶಿ ಮಾಡಿದರು. ನಾವು ಹನ್ನೆರಡು ಜನ. ಕೆರೆಯ ಮೇಲ್ಭಾಗದಲ್ಲಿ ಪಾಳು ಬಿದ್ದಿದ್ದ ಎರಡೆಕರೆಯನ್ನು ಪಂಚಾಯತಿ ನಮಗೆ ಕೊಟ್ಟಿತ್ತು. ಕೆರೆಯ ನೀರು ಕಣ್ಣೆದುರೇ ಇತ್ತು, ಆದರೆ ಹೊಲ ಎತ್ತರದಲ್ಲಿತ್ತು. ಕೊಡದಲ್ಲಿ ನೀರು ಹೊತ್ತು ಹೆಗಲು ಬಾತುಕೊಂಡಿದ್ದವು. ಒಂದು ಎಣ್ಣೆ ಇಂಜಿನ್ ಬೇಕಿತ್ತು. ಹಳ್ಳಿಯ ಯುವಕರಿಗೆ ನೆರವಾಗುವ ಡೆನ್ಮಾರ್ಕಿನ ಒಂದು ಸಂಸ್ಥೆ ಅದನ್ನು ಕೊಡುವ ವಿಚಾರ ಮಾಡುತ್ತಿತ್ತು. ಕೊಡುವ ಮೊದಲು ಮಂಡಲದ ಒಬ್ಬನನ್ನು ಕರೆಸಿಕೊಂಡು, ಅಲ್ಲಿಯ ರೈತರ ಮನೆಯಲ್ಲಿಟ್ಟು, ಕೊನೆಗೆ ಸಮಿತಿಯ ಮುಂದೆ ಕೂರಿಸಿ ಮಾತಾಡಿಸುವುದು ಅವರ ಪದ್ಧತಿ. ಯುಗಾದಿಯೊಳಗೆ ಇಂಜಿನ್ ಬರದಿದ್ದರೆ ಹೊಲ ಮತ್ತೆ ದನ ಮೇಯುವ ಜಾಗ ಎಂದು ಪಂಚಾಯತಿ ಗೆರೆ ಎಳೆದಿತ್ತು.

ಆ ಹೊಲಕ್ಕಾಗಿ ಪಂಚಾಯತಿಯಲ್ಲಿ ಜಗಳ ತೆಗೆದು ಗೆದ್ದವರು ಚನ್ನಪ್ಪಗೌಡರು, ನನ್ನ ಅಪ್ಪನ ತಮ್ಮ, ನನಗೆ ಕಾಕಾ. ಹಾಗಾಗಿ ಯುವಕ ಮಂಡಲದ ಅಧ್ಯಕ್ಷರೂ ಅವರೇ. ನೆರೆತ ಮೀಸೆಯ ಗೌಡರು ಯುವಕ ಮಂಡಲದ ಅಧ್ಯಕ್ಷರು ಎಂಬುದು ನಮಗೆ ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ಹಿರಿಯರಿಲ್ಲದೆ ನಾಲ್ಕು ಹುಡುಗರು ಒಂದು ಕಡೆ ಕೂಡಿದರೆ ಅದನ್ನು ನಮ್ಮೂರಲ್ಲಿ ಮಂಡಲ ಅನ್ನುವುದಿಲ್ಲ, ಇಸ್ಪೀಟು ಅನ್ನುತ್ತಾರೆ.

ಸಂಸ್ಥೆಯ ಫಾರ್ಮಿನಲ್ಲಿ ಅಧ್ಯಕ್ಷರ ವಯಸ್ಸು ಬರೆಯುವ ಜಾಗವಿತ್ತು. ಕಾಕಾನ ಎದುರು ನಿಂತು 'ನಿಮಗ ವಯಸ್ಸೆಷ್ಟರಿ' ಎಂದು ಕೇಳುವ ಗಂಡಸು ನಮ್ಮ ಮನೆತನದಲ್ಲಿ ಇನ್ನೂ ಹುಟ್ಟಿಲ್ಲ. ನಾನು ಆ ಜಾಗದಲ್ಲಿ ಇಂಗ್ಲಿಷಿನಲ್ಲಿ 'ಹಿರಿಯರು' ಎಂದು ಬರೆದೆ, ಜಾಣತನ ಮಾಡಿದೆ ಎಂದುಕೊಂಡೆ. ಮಂಡಲದ ಫೋಟೋ ಬೇಕು ಎಂದಿದ್ದರು. ಧಾರವಾಡದಿಂದ ಫೋಟೋಗ್ರಾಫರನನ್ನು ಕರೆಸಿದೆವು. ಸಾಲೆಯಿಂದ ಕುರ್ಚಿ ತಂದು ಕಾಕಾ ಮತ್ತು ಐದು ಮಂದಿ ಹಿರಿಯರನ್ನು ಕೂಡಿಸಿದೆವು. ನಾವು ಹನ್ನೆರಡು ಜನ ಹಿಂದೆ ನಿಂತೆವು. ಅವರ ತಲೆಯ ಪಟಗಗಳು ದೊಡ್ಡವು. ಫೋಟೋ ಬಂದಾಗ ನೋಡಿದರೆ ನಮ್ಮಲ್ಲಿ ಒಬ್ಬನ ಹಣೆ, ಇನ್ನೊಬ್ಬನ ಕಿವಿ ಕಾಣುತ್ತಿತ್ತು ಅಷ್ಟೇ. ಬಹಳ ಛಲೋ ಬಂದಿದೆ ಎಂದು ಊರೆಲ್ಲ ಹೊಗಳಿತು.

ಹುಬ್ಬಳ್ಳಿ ಸ್ಟೇಷನ್ನಿಗೆ ಕಾಕಾ ಹಾರ ತಂದಿದ್ದರು. ಗಾಡಿ ಹೊರಡುವಾಗ ಕಿಟಕಿಯೊಳಗೆ ಕೈ ಹಾಕಿ ನನ್ನ ಭುಜ ಹಿಡಿದು ಹೇಳಿದರು: "ಈರ್ಯಾ, ಇಂಜಿನ್ ತಗೊಂಡ ಬಾ. ಬರೇ ಕೈಲೆ ಬಂದ್ರ ಊರಾಗ ನಾ ಹೆಂಗ ಮಾರಿ ತೋರಸ್ಲಿ?"

ಯೆನ್ಸನ ಮನೆ

ಹಡಗಿನಲ್ಲಿ ಹೊಟ್ಟೆ ತೊಳಸಿದ್ದು, ಮುಂದೆ ರೈಲಿನಲ್ಲಿ ಟೊಪ್ಪಿಗೆ ಕಳೆದದ್ದು ಬಿಟ್ಟುಬಿಡುತ್ತೇನೆ. ಜೊತೆಗೆ ಧಾರವಾಡದ ಸುಶೀಲಾಬಾಯಿಯವರಿದ್ದರು. ಬ್ಲಾಕ್ ಆಫೀಸಿನಲ್ಲಿ ಮಹಿಳಾ ಮಂಡಲಗಳನ್ನು ನೋಡಿಕೊಳ್ಳುವ ಅಧಿಕಾರಿ, ನನಗಿಂತ ಹದಿನೈದು ವರ್ಷ ದೊಡ್ಡವರು, ಬಾಯಿ ಬಲು ಚುರುಕು. ಅವರನ್ನು ಒಂದು ಊರಿಗೆ, ನನ್ನನ್ನು ಐದು ಮೈಲಿ ಆಚೆಯ ಯೆನ್ಸ್ ಎಂಬ ರೈತನ ಮನೆಗೆ ಹಾಕಿದರು. ಯೆನ್ಸ್, ಅವನ ಹೆಂಡತಿ, ಹದಿನಾರು ವರ್ಷದ ಮಗಳು ಕಿರ್ಸ್ಟನ್, ಇಪ್ಪತ್ತು ಆಕಳು, ಎಣಿಸಲಾರದಷ್ಟು ಹಂದಿ. ಇವರ ಮಾತನ್ನೆಲ್ಲ ನಾನು ಪುಸ್ತಕದ ಕನ್ನಡದಲ್ಲೇ ಬರೆಯುತ್ತೇನೆ. ಅವರ ಇಂಗ್ಲಿಷೂ ನನ್ನದರ ಹಾಗೆ ಸಾಲೆಯಲ್ಲಿ ಕಲಿತದ್ದೇ.

ಮೊದಲ ದಿನ ಬೆಳಿಗ್ಗೆ ಹಲ್ಲು ಕಟಕಟ ಎನ್ನುತ್ತಾ ಎದ್ದೆ. ಮಂಚದ ಮೇಲಿದ್ದ ಹಕ್ಕಿಪುಕ್ಕದ ದಪ್ಪ ಗಾದಿಯ ಮೇಲೆ ಮಲಗಿ, ನನ್ನ ಕೌದಿ ಹೊದ್ದುಕೊಂಡಿದ್ದೆ. ಆ ಗಾದಿ ಹೊದೆಯಲಿಕ್ಕಂತೆ! ಕಿರ್ಸ್ಟನ್ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು. ನಾನು ಲಿಂಗಪೂಜೆಗೆ ಕೂತಾಗ ಅವಳ ತಾಯಿ ಬಾಗಿಲು ತೆರೆದವರು ಹಾಗೇ ಮೆಲ್ಲಗೆ ಎಳೆದುಕೊಂಡು ಹೋದರು. ಮರುದಿನದಿಂದ ಮೇಜಿನ ಮೇಲೆ ಒಂದು ಲೋಟ ನೀರು, ಒಂದು ಹೂವು ಇರುತ್ತಿತ್ತು. ಯಾರು ಹೇಳಿಕೊಟ್ಟರೋ ಶಿವನೇ ಬಲ್ಲ. ಹಂದಿ ಮಾಂಸದ ತಾಟು ನನ್ನ ಎದುರಿನಿಂದ ತಾನಾಗಿ ದೂರ ಸರಿಯಿತು, ಬಟಾಟೆಯ ತಾಟು ಹತ್ತಿರ ಬಂತು. ಊಟ ಮುಗಿದ ಮೇಲೆ ಮಗಳು, ಗಂಡ ಎಲ್ಲರೂ ಅಡುಗೆ ಮಾಡಿದವಳಿಗೆ ಉಪಕಾರವಾಯಿತು ಎನ್ನುತ್ತಾರೆ. ನಮ್ಮ ಅವ್ವನಿಗೆ ನಾನು ಹಾಗೆ ಹೇಳಿದ್ದರೆ ಇವನಿಗೆ ಜ್ವರ ಬಂದಿದೆ ಎಂದು ಹಣೆ ಮುಟ್ಟಿ ನೋಡುತ್ತಿದ್ದಳು.

ಇಷ್ಟು ಸುಖವಾಗಿದ್ದವನ ಬೆನ್ನಿಗೆ ನಾಲ್ಕನೆಯ ದಿನ ಸಂಸ್ಥೆಯ ಅಧಿಕಾರಿ ಬಂದ. ಉದ್ದನೆಯ ಮನುಷ್ಯ, ಮೆತ್ತನೆಯ ಮಾತು. ಕಾಫಿ ಕುಡಿದು, ಚೀಲದಿಂದ ನಮ್ಮ ಫೋಟೋ ತೆಗೆದು ಮೇಜಿನ ಮೇಲಿಟ್ಟ.

"ಇದರಲ್ಲಿ ಯುವಕರು ಎಲ್ಲಿದ್ದಾರೆ?" ಎಂದು ಕೇಳಿದ.

ನಾನು ಹಿಂದಿನ ಸಾಲಿನ ಒಂದು ಕಿವಿಯ ಮೇಲೆ ಬೆರಳಿಟ್ಟು, "ಇದು ನಾನು," ಎಂದೆ.

ಅವನು ನಗಲಿಲ್ಲ. "ಈರಪ್ಪ, ಪದಾಧಿಕಾರಿಗಳು ಮೂವತ್ತು ದಾಟಿರಬಾರದು ಎಂಬುದು ನಮ್ಮ ನಿಯಮ. ನೀವು ವಯಸ್ಸಿನ ಜಾಗದಲ್ಲಿ ಹಿರಿಯರು ಎಂದು ಬರೆದಿದ್ದೀರಿ. ಯುವಕರ ಹೆಸರು ಮುಂದಿಟ್ಟುಕೊಂಡು ಊರ ದೊಡ್ಡವರು ಇಂಜಿನ್ ಕೇಳುತ್ತಿದ್ದಾರೆ ಎಂದು ಸಮಿತಿಯ ಕೆಲವರ ಅನುಮಾನ. ನಿಮ್ಮೂರನ್ನು ಪಟ್ಟಿಯಿಂದ ತೆಗೆಯಬೇಕು ಎನ್ನುತ್ತಿದ್ದಾರೆ. ಕೋಪನ್‌ಹೇಗನ್ನಿಗೆ ಬಂದಾಗ ನೀವೇ ಉತ್ತರ ಹೇಳಬೇಕು."

ಫೋಟೋ ನನ್ನ ಹತ್ತಿರವೇ ಬಿಟ್ಟು ಹೋದ. ಕಾಕಾ ಕಳ್ಳರೇ? ನಮ್ಮ ಕಾಕಾ? ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಹೆದರಿಕೆ ಬಂತು.

ಕಿರ್ಸ್ಟನ್ ನಡೆಸಿದ ಸಭೆ

ಆ ಊರಿನಲ್ಲೂ ಹುಡುಗರದೊಂದು ಸಂಘ. ಹತ್ತು ವರ್ಷದವರಿಂದ ಹದಿನೆಂಟರವರೆಗಿನವರು. ಒಬ್ಬೊಬ್ಬರಿಗೂ ತಮ್ಮದೇ ತರಕಾರಿ ಮಡಿ, ಇಲ್ಲವೇ ತಮ್ಮದೇ ಒಂದು ಕರು. ಅಧ್ಯಕ್ಷೆ ಕಿರ್ಸ್ಟನ್. ಸಾಲೆಯ ಕೋಣೆಯಲ್ಲಿ ಸಭೆ ಕೂಡಿತು. ತಾಯಿ ತಂದೆಗಳು ಹಿಂದಿನ ಬೆಂಚುಗಳ ಮೇಲೆ, ನಾನೂ ಅಲ್ಲೇ; ಅವರ ಭಾಷೆಯ ಮಾತನ್ನು ಯೆನ್ಸನ ಹೆಂಡತಿ ನನ್ನ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಸಂಘಕ್ಕೆ ಯಾರೋ ಒಂದು ತುಂಡು ಹೊಲ ಬಿಟ್ಟುಕೊಟ್ಟಿದ್ದರು, ಅದರಲ್ಲಿ ಏನು ಬಿತ್ತಬೇಕು ಎಂಬ ಚರ್ಚೆ. ಗಜ್ಜರಿ, ಅಂದರೆ ಕ್ಯಾರೆಟ್, ಹಾಕೋಣ ಎಂದು ಹುಡುಗರು ಹೇಳುತ್ತಿದ್ದಂತೆ ಯೆನ್ಸ್ ಎದ್ದು ನಿಂತ.

"ಆ ಹೊಲದಲ್ಲಿ ನೀರು ನಿಲ್ಲುತ್ತದೆ, ಗಜ್ಜರಿ ಕೊಳೆಯುತ್ತದೆ," ಎಂದ.

ಕಿರ್ಸ್ಟನ್ ಮೇಜನ್ನು ಕುಟ್ಟಿದಳು. "ಅಪ್ಪ, ಮಾತಾಡಬೇಕಾದರೆ ಕೈ ಎತ್ತಬೇಕು. ಕೈ ಎತ್ತಿದರೂ ನಿಮಗೆ ಮತ ಇಲ್ಲ."

ಈಗ ಇವನು ಮುಂದೆ ಹೋಗಿ ಮಗಳ ಕಪಾಳಕ್ಕೆ ಬಿಡುತ್ತಾನೆ ಎಂದು ಬೆಂಚಿನ ಅಂಚು ಹಿಡಿದು ಕೂತೆ. ಯೆನ್ಸ್ ಕೆಂಪಗಾದ. ಕೂತ. ಗಜ್ಜರಿಯೇ ಎಂದು ತೀರ್ಮಾನವಾಯಿತು.

ಎಂಥ ಜನವಪ್ಪಾ ಇವರು ಎಂದು ನಾನು ಒಳಗೊಳಗೇ ಉರಿಯುತ್ತಿದ್ದೆ. ಹಡೆದ ತಂದೆಯನ್ನು ನಾಲ್ಕು ಜನರ ಎದುರು ಕೂಡಿಸುವುದೆಂದರೇನು? ಮರುದಿನ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಯೆನ್ಸ್ ಬಕೆಟ್ಟನ್ನು ದಡಬಡ ಮಾಡುತ್ತಾ, "ಗಜ್ಜರಿ ಕೊಳೆತೇ ಕೊಳೆಯುತ್ತದೆ," ಎಂದ.

"ಹಾಗಾದರೆ ತಡೆಯಬಾರದೇ? ನೀವು ತಂದೆ."

"ಹೊಲ ಅವರದು," ಎಂದು ಗುರುಗುಟ್ಟಿ ಆಕಳ ಕಡೆ ಹೊರಳಿಕೊಂಡ. ಅವನ ಸಿಟ್ಟು ಇಳಿದಿರಲಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಅವನಿಗಿರಲಿಲ್ಲ. ಆದರೂ ಹೊಲ ಅವರದು ಎಂದ.

ಆ ಮಾತು ನನಗೆ ಅಲ್ಲೇ ಚುಚ್ಚಿತು. ನಮ್ಮ ಹೊಲದಲ್ಲಿ ಬದನೆ ಸಸಿ ಹಚ್ಚಿರಿ ಎಂದವರು ಕಾಕಾ. ಹಚ್ಚುವ ದಿನ ನನ್ನ ಗೆಳೆಯ ಫಕೀರಪ್ಪ ಮಣ್ಣು ಹಿಸುಕಿ ನೋಡಿ ನನ್ನ ಕಿವಿಯಲ್ಲಿ, "ಈ ಮಣ್ಣಿಗೆ ಬದನಿ ಬರೂದಿಲ್ಲೋ, ಬುಡಾ ಕೊಳೀತಾವು," ಅಂದಿದ್ದ. ಹೇಳು ಹಾಗಾದರೆ ಎಂದರೆ, "ನೀ ಹೇಳು, ನಿಮ್ಮ ಕಾಕಾ," ಅಂದ. ನಾನೂ ಹೇಳಲಿಲ್ಲ. ಬದನೆ ಹಚ್ಚಿದೆವು, ಅರ್ಧ ಕೊಳೆತವು, ಮತ್ತೆ ಅದನ್ನೇ ಹಚ್ಚಿದೆವು.

ಊರಿನ ಕಾಗದ

ಕೋಪನ್‌ಹೇಗನ್ನಿಗೆ ಹೋಗಲು ವಾರ ಇದ್ದಾಗ ಊರಿನಿಂದ ನೀಲಿ ಕಾಗದ ಬಂತು. ಅಕ್ಷರ ಫಕೀರಪ್ಪನದು, ಮಾತು ಕಾಕಾನದು. ಪಂಚಾಯತಿಯವರು ಈಗಲೇ ಹೊಲದಲ್ಲಿ ದನ ಬಿಡುವ ಮಾತಾಡುತ್ತಿದ್ದಾರೆ, ಇಂಜಿನ್ ಬಂದರೆ ಅವರ ಬಾಯಿ ಮುಚ್ಚುತ್ತದೆ, ನಮ್ಮ ಮಾನ ನಿನ್ನ ಕೈಯಲ್ಲಿದೆ. ಇಷ್ಟೇ. ನಾನು ಕಾಗದ ತಿರುವಿ ಮುರುವಿ ನೋಡಿದೆ. ಫಕೀರಪ್ಪ ತನ್ನದೆಂದು ಒಂದಕ್ಷರ ಬರೆದಿರಲಿಲ್ಲ. ದಿನಾ ಕೊಡ ಹೊರುವವನು ಅವನು. ಗಿಡ ಬದುಕಿವೆಯೋ ಸತ್ತಿವೆಯೋ ಅವನಿಗೆ ಗೊತ್ತು. ಎಲಾ ಇವನ! ಮೂಲೆಯಲ್ಲಿ ಒಂದು ಸಾಲು ಗೀಚಬಾರದಿತ್ತೇ ಎಂದು ಸಿಟ್ಟು ಬಂತು. ಕಾಕಾ ಹೇಳಿದ್ದನ್ನು ಬರೆದುಕೊಳ್ಳುವವನು ನಡುವೆ ತನ್ನ ಮಾತು ಸೇರಿಸುವುದುಂಟೇ? ನಾನಾಗಿದ್ದರೂ ಬರೆಯುತ್ತಿರಲಿಲ್ಲ.

ಕಾಗದ ಹಿಡಿದುಕೊಂಡು ಸೈಕಲ್ ಮೇಲೆ ಸುಶೀಲಾಬಾಯಿಯವರ ಹತ್ತಿರ ಹೋದೆ. ಅಂಗಳದಲ್ಲಿ ಕೂತು ಆ ಮನೆಯವರಿಗೆ ಚಪಾತಿ ಲಟ್ಟಿಸುವುದನ್ನು ಕಲಿಸುತ್ತಿದ್ದರು. ಕಾಗದ ಓದಿದರು, ಫೋಟೋ ನೋಡಿದರು.

"ಅಕ್ಕಾರ, ಏನ ಹೇಳ್ಲಿರಿ ನಾ ಅವರ ಮುಂದ?"

"ಸುಳ್ಳ ಹೇಳಬ್ಯಾಡ, ಖರೇನೂ ಪೂರಾ ಹೇಳಬ್ಯಾಡ. ಗೌಡರು ಬರೇ ಹೆಸರಿಗೆ ಅಧ್ಯಕ್ಷರು, ಕೆಲಸಾ ಎಲ್ಲಾ ನಾವ ಮಾಡತೇವಿ ಅನ್ನು. ಮುಗೀತು."

"ಕೆಲಸಾ ನಾವ ಮಾಡತೇವಿ ಖರೇರಿ. ವಿಚಾರ ಮಾಡೂದು ಅವರ."

"ಅದನ್ನ ಯಾರ ಕೇಳತಾರ?"

"ಕೇಳಿದ್ರ?"

ಸುಶೀಲಾಬಾಯಿ ಲಟ್ಟಣಿಗೆ ಕೆಳಗಿಟ್ಟರು. "ನೋಡು ತಮ್ಮಾ, ಖರೇ ಹೇಳಿದ್ರ ಇಂಜಿನ್ ಹೋದೀತು. ಸುಳ್ಳ ಹೇಳಿದ್ರ ನಿನಗ ನಿದ್ದಿ ಹೋದೀತು. ನಾ ಅಲ್ಲೇ ಇರತೇನಿ, ಆದ್ರ ಮಾತಾಡಾಂವ ನೀನ."

ಕೋಪನ್‌ಹೇಗನ್

ಉದ್ದನೆಯ ಮೇಜಿನ ಆಚೆ ಏಳು ಜನ. ನಡುವೆ ಬೆಳ್ಳಗಿನ ಕೂದಲಿನ ಒಬ್ಬ ಹೆಂಗಸು, ಅವರೇ ಅಧ್ಯಕ್ಷರು. ಅವರ ಮುಂದೆ ನಮ್ಮ ಫೋಟೋದ ಇನ್ನೊಂದು ಪ್ರತಿ. ನನಗೆ ಒಂದು ಕುರ್ಚಿ ಇಟ್ಟಿದ್ದರು. ಸುಶೀಲಾಬಾಯಿ ಪಕ್ಕದಲ್ಲಿ ಗೋಡೆಗೆ ಒತ್ತಿ ಕೂತಿದ್ದರು.

"ಕೂತುಕೊಳ್ಳಿ," ಎಂದರು. ನನಗೆ ಕೂರಲಾಗಲಿಲ್ಲ. ಅಷ್ಟು ಜನ ಹಿರಿಯರೆದುರು ಕುರ್ಚಿಯ ಮೇಲೆ ಕೂತು ಮಾತಾಡಿದ್ದೇ ಇಲ್ಲ. ನಿಂತೇ ಇದ್ದೆ.

"ನಿಮ್ಮ ಹೊಲದಲ್ಲಿ ಏನು ಬೆಳೆಯಬೇಕೆಂದು ಯಾರು ತೀರ್ಮಾನಿಸಿದರು?"

ಕೇಳಬಾರದ್ದನ್ನೇ ಕೇಳಿದ್ದರು, ಅದೂ ಮೊದಲನೆಯ ಪ್ರಶ್ನೆಯಾಗಿ! ನಾನು ಸುಶೀಲಾಬಾಯಿಯ ಕಡೆ ನೋಡಿದೆ. ದೊಡ್ಡವರು ಕೂತಿರುವಾಗ ಸಣ್ಣವನು ಮೊದಲು ಬಾಯಿ ತೆರೆಯುವುದು ನಮ್ಮಲ್ಲಿಲ್ಲ. ಅವರು ನೆಲ ನೋಡುತ್ತಿದ್ದರು.

"ಅವರನ್ನು ಆಮೇಲೆ ಕೇಳುತ್ತೇವೆ. ಈಗ ನಿಮ್ಮನ್ನು ಕೇಳುತ್ತಿದ್ದೇವೆ," ಎಂದರು ಆ ಹೆಂಗಸು.

ಯಾರೋ ಗಡಿಯಾರ ನೋಡಿದರು. ಹೆಸರಿಗೆ ಮಾತ್ರ ಅಧ್ಯಕ್ಷರು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು, ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಕಣ್ಣ ಮುಂದೆ ಆ ನೀಲಿ ಕಾಗದ ಬಂತು, ಅದರಲ್ಲಿ ಫಕೀರಪ್ಪ ಬರೆಯದೇ ಬಿಟ್ಟ ಸಾಲು ಬಂತು.

"ನಮ್ಮ ಕಾಕಾ ತೀರ್ಮಾನಿಸಿದರು," ಎಂದೆ. ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಿಸಲು ಆಗಲಿಲ್ಲ. "ಮುಂದಿನ ಸಾಲಿನಲ್ಲಿ ಕೂತವರು ಯಾರೂ ಯುವಕರಲ್ಲ. ಹಿಂದೆ ಕಿವಿ, ಹಣೆ ಕಾಣುತ್ತವಲ್ಲ, ಅವರು ನಾವು. ಅಧ್ಯಕ್ಷರ ವಯಸ್ಸು ನಾನು ಕೇಳಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ. ಅರವತ್ತು ಇರಬೇಕು. ಬದನೆ ಬರುವುದಿಲ್ಲ ಎಂದು ನಮಗೆ ಗೊತ್ತಿತ್ತು, ಆದರೂ ಹೇಳಲಿಲ್ಲ. ಆದರೆ ಅವರು ಜಗಳಾಡದಿದ್ದರೆ ಆ ಹೊಲವೇ ಇರುತ್ತಿರಲಿಲ್ಲ. ಅವರಿಗೆ ತಮಗಾಗಿ ಇಂಜಿನ್ ಬೇಡ. ಅವರನ್ನು ಕಳ್ಳರೆಂದು ತಿಳಿಯಬೇಡಿ. ಕೇಳದಿದ್ದದ್ದು ನನ್ನ ತಪ್ಪು, ಹೇಳದಿದ್ದದ್ದೂ ನನ್ನ ತಪ್ಪು."

ನಮ್ಮನ್ನು ಹೊರಗೆ ಕೂಡಿಸಿದರು. ಸುಶೀಲಾಬಾಯಿ ತಮ್ಮ ಸೆರಗಿನ ತುದಿಯನ್ನು ಹುರಿ ಮಾಡುತ್ತಿದ್ದರು, ಬಿಚ್ಚುತ್ತಿದ್ದರು. ಅರ್ಧ ತಾಸು ಕಳೆದು ಒಳಗೆ ಕರೆದರು. ಪಟ್ಟಿಯಿಂದ ಹೆಸರು ತೆಗೆಯುವುದಿಲ್ಲ, ಇಂಜಿನ್ನೂ ಈಗ ಕೊಡುವುದಿಲ್ಲ. ಹನ್ನೆರಡು ಜನ ತಾವೇ ಕೂತು ಆ ಹೊಲದ ಬಗ್ಗೆ ಒಂದಾದರೂ ತೀರ್ಮಾನ ಮಾಡಿ ಬರೆದು ಕಳಿಸಲಿ, ಜೊತೆಗೆ ಹೊಸ ಫೋಟೋ ಕಳಿಸಲಿ. ಇಂಜಿನ್, ಅಧ್ಯಕ್ಷರ ವಯಸ್ಸು ಎರಡನ್ನೂ ಆಮೇಲೆ ನೋಡೋಣ ಎಂದರು. ನಾನು ಕೈಮುಗಿದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ, ನಾಚಿಕೆಯಿಲ್ಲದೆ ಅತ್ತೆ.

ಮುಗದ

ಮುಗದ ಸ್ಟೇಷನ್ನಿನಲ್ಲಿ ಇಳಿದರೆ ಕಾಕಾ, ಹಿರಿಯರು, ನಮ್ಮ ಹನ್ನೊಂದು ಜನ ಎಲ್ಲರೂ ನಿಂತಿದ್ದರು. ಬರುವ ದಿನವಷ್ಟೇ ಕಾಗದದಲ್ಲಿ ಬರೆದಿದ್ದೆ, ಹಾಗಾಗಿ ಇಂಜಿನ್ ಹೇರಲಿಕ್ಕೆ ಚಕ್ಕಡಿ ಹೂಡಿಕೊಂಡು ಬಂದಿದ್ದರು. ಎತ್ತಿನ ಕೋಡಿಗೆ ಗೊಂಡೆ ಬೇರೆ! ನನ್ನ ಕೈಯಲ್ಲಿ ಒಂದು ಟ್ರಂಕಿತ್ತು.

"ಇಂಜಿನ್ ಎಲ್ಲೈತಿ?" ಎಂದರು ಕಾಕಾ.

"ಬಂದಿಲ್ರಿ."

"ಹಿಂದಿನ ಗಾಡಿಗೆ ಬರತೈತೇನು?"

"ಇಲ್ರಿ ಕಾಕಾ." ಅಲ್ಲೇ ನಿಂತು ಎಲ್ಲ ಹೇಳಿದೆ. ಮನೆಗೆ ಹೋಗಿ ಹೇಳೋಣ ಎಂದು ತಡೆದಿದ್ದರೆ ಮತ್ತೆ ಬಾಯಿ ಕಟ್ಟುತ್ತಿತ್ತು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು.

ಕಾಕಾನ ಮೀಸೆ ನಡುಗಿತು. "ನನ್ನ ವಯಸ್ಸ ಹೇಳಿದಿ? ಪರದೇಶದಾಗ, ಹೆಂಗಸರ ಮುಂದ?"

"ಹೇಳಿದೆರಿ."

ಖಾಲಿ ಚಕ್ಕಡಿಯನ್ನು ಅಲ್ಲೇ ಬಿಟ್ಟು ನಡೆದುಕೊಂಡು ಊರಿಗೆ ಹೋದರು. ವಾರವಿಡೀ ನನ್ನೊಡನೆ ಮಾತಿಲ್ಲ. ನಾನು ಕಟ್ಟೆಯ ಮುಂದೆ ಹಾದರೆ ಮುಖ ತಿರುವುತ್ತಿದ್ದರು. ಹೊಲದ ಬದುವಿಗೆ ಯಾರದೋ ಎಮ್ಮೆಗಳು ಆಗಲೇ ಬರತೊಡಗಿದ್ದವು. ಹನ್ನೆರಡು ಜನ ಎರಡು ಸಲ ಕೂಡಿದೆವು. ಎರಡು ಸಲವೂ ಸುಮ್ಮನೆ ಕೂತು, ಕೆಮ್ಮಿ, ಎದ್ದು ಹೋದೆವು. ಯಾರಿಗೂ ಮೊದಲ ಮಾತು ಆಡಲು ಬರಲಿಲ್ಲ.

ಎಂಟನೆಯ ದಿನ ಮುಂಜಾನೆ ಕಾಕಾ ತಾವೇ ಧಾರವಾಡದ ಫೋಟೋಗ್ರಾಫರನನ್ನು ಕರೆದುಕೊಂಡು ಹೊಲಕ್ಕೆ ಬಂದರು. ಹಿಂದೆ ಸಾಲೆಯ ಕುರ್ಚಿಗಳು.

"ಕುಂಡ್ರಿ ಎಲ್ಲಾರೂ. ನಾ ಫೋಟೋದಾಗ ಬರೂದಿಲ್ಲ."

ಯಾರೂ ಕೂರಲಿಲ್ಲ. ಕಾಕಾ ನಿಂತಿರುವಾಗ ಕುರ್ಚಿಯ ಮೇಲೆ ಹೇಗೆ ಕೂರುವುದು? ಫಕೀರಪ್ಪ ಕುರ್ಚಿಯ ಹಿಂದೆ ಹೋಗಿ ನಿಂತೇಬಿಟ್ಟ.

"ಕುಂಡ್ರಂದ್ರ ಕುಂಡ್ರಬೇಕಲೇ!" ಎಂದು ಕಾಕಾ ಗುಡುಗಿದರು. ಎಲ್ಲರೂ ದಪ್ಪೆಂದು ಕೂತೆವು. ಕಾಕಾ ಕ್ಯಾಮೆರಾದ ಪಕ್ಕದಲ್ಲಿ ಕೈಕಟ್ಟಿ ನಿಂತರು. ಫೋಟೋಗ್ರಾಫರ ಕರಿಬಟ್ಟೆಯೊಳಗೆ ತಲೆ ಹಾಕಿದ.

ಮೂರು ದಿನಕ್ಕೆ ಫೋಟೋ ಬಂತು. ಕಾಕಾ ಬದುವಿನ ಮೇಲೆ ಕೂತು ನೋಡಿದರು, ನಾವು ಸುತ್ತ ನಿಂತಿದ್ದೆವು. ಈ ಸಲ ಹನ್ನೆರಡೂ ಮುಖಗಳು ಸ್ವಚ್ಛ ಕಾಣುತ್ತಿದ್ದವು. ಕಾಕಾ ಹುಬ್ಬು ಗಂಟಿಕ್ಕಿದರು.

"ಇದ್ಯಾಕ? ಒಬ್ಬಾಂವರೆ ಕ್ಯಾಮೆರಾ ನೋಡವಲ್ರಿ. ಎಲ್ಲಾರೂ ಬಾಜೂಕ ಎತ್ತ ನೋಡಾಕತ್ತೀರಿ?"

ನಾನೇ ಹೇಳಿದೆ: "ನಿಮ್ಮನ್ನ ರಿ ಕಾಕಾ."

ಕಾಕಾ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ಮತ್ತೊಮ್ಮೆ ನೋಡಿದರು. ಆಮೇಲೆ ತಲೆ ಎತ್ತದೆ ಕೇಳಿದರು: "ಏನ ಹಚ್ಚಬೇಕಂತೀರಿ ಈ ಹೊಲ್ದಾಗ?"

ಯಾರಾದರೂ ಬಾಯಿ ತೆರೆಯಿರಪ್ಪಾ ಎಂದು ಫಕೀರಪ್ಪನನ್ನು ನೋಡಿದೆ. ಅವನು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಹಿಸುಕಿದ.

"ಬದನಿ ಬ್ಯಾಡ್ರಿ ಗೌಡ್ರ," ಎಂದ. "ಬುಡಾ ಕೊಳೀತಾವು. ಉಳ್ಳಾಗಡ್ಡಿ ಹಚ್ಚೂಣು. ಮಡಿ ಎತ್ತರ ಮಾಡಿ ಹಚ್ಚಿದ್ರ ಛಲೋ ಬರತಾವು."

"ಹೌದ್ರಿ," ಎಂದ ಇನ್ನೊಬ್ಬ. "ಉಳ್ಳಾಗಡ್ಡಿನ ರಿ," ಎಂದರು ಉಳಿದವರು, ಒಬ್ಬರಾದ ಮೇಲೆ ಒಬ್ಬರು.

"ಇದು ನಿನಗ ಯಾವಾಗ ಗೊತ್ತಾತು?" ಎಂದು ಕಾಕಾ ಫಕೀರಪ್ಪನನ್ನು ಕೇಳಿದರು.

"ಮೊದಲಿಂದನೂ ಗೊತ್ತಿತ್ರಿ."

"ಮತ್ತ ಇಷ್ಟ ದಿನಾ ಯಾಕ ಹೇಳಲಿಲ್ಲಲೇ?"

"ನೀವು ಕೇಳಿದ್ದಿಲ್ರಿ."

ಕಾಕಾ ಮುಖ ತಿರುಗಿಸಿ ಕೆರೆಯ ಕಡೆ ನೋಡಿದರು. ಪಟಗದ ಸೆರಗಿನಿಂದ ಮುಖ ಒರೆಸಿಕೊಂಡರು. ಬಿಸಿಲಿತ್ತು, ಬೆವರೇ ಇರಬಹುದು. ಆಮೇಲೆ ಫೋಟೋ ನನ್ನ ಕೈಗೆ ಕೊಟ್ಟರು.

"ಇದನ್ನ ಕಳಸು. ಉಳ್ಳಾಗಡ್ಡಿ ಅಂತ ಬರಿ. ಯಾರನ್ನ ನೋಡಾಕತ್ತೀರಿ ಅನ್ನೂದನ್ನೂ ಬರಿ." ಎದ್ದು ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಂತರು. "ಮತ್ತ ನನ್ನ ವಯಸ್ಸ ಅರವತ್ತಲ್ಲ, ಐವತ್ತೆಂಟು. ಅದನ್ನೂ ತಿದ್ದಿ ಬರಿ."

ಹಾಗೇ ಬರೆದೆ. ಯುಗಾದಿಗೆ ಮೊದಲೇ ಇಂಜಿನ್ ಬಂದಾಗ ಉಳ್ಳಾಗಡ್ಡಿ ಗೇಣೆತ್ತರ ಬೆಳೆದಿತ್ತು.